ಎಲ್ಲಿ ಖಾಲಿ ಇದೆಯೋ ಅಲ್ಲಿ

ಯಾರು ದೊಡ್ಡ ಆಟಗಾರ, ಯಾರು ಅವನಿಗಿಂತ ದೊಡ್ಡವನು ಎಂದು ಹಲ್ಲಿನ ಸಂದಿಯಲ್ಲಿ ಕಡ್ಡಿ ಆಡಿಸುತ್ತ ವಾದ ಮಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವರಲ್ಲಿ ಮುಕ್ಕಾಲು ಪಾಲು ಜನ ಚೆಂಡು ಮುಟ್ಟಿದವರಲ್ಲ. ನಾನಾದರೂ ಮುಟ್ಟಿದ್ದೇನೆ, ಅಂಕಣದಿಂದ ಆಚೆ ಬಂದ ಚೆಂಡನ್ನು ಎತ್ತಿ ಒಳಗೆ ಎಸೆಯುವುದಕ್ಕೆ. ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಇದ್ದಷ್ಟು ವರ್ಷವೂ ನಾನು ಬೆಂಚಿನ ಮೇಲಿದ್ದೆ. ಬೆಂಚಿನ ಮೇಲೆ ಕೂತವನಿಗೆ ಕಾಲು ಸೋಲುವುದಿಲ್ಲ, ಕಣ್ಣು ಚುರುಕಾಗುತ್ತದೆ. ಈಗ ನನ್ನದೊಂದು ಚಪ್ಪಲಿ ಅಂಗಡಿ ಇದೆ. ಒಳಗೆ ಬಂದವರ ಕಾಲು ನೋಡಿದರೆ ಸಾಕು, ಅಳತೆ ಹೇಳಬಲ್ಲೆ. ಆ ಕಣ್ಣು ನನಗೆ ಬೆಂಚು ಕೊಟ್ಟದ್ದು.

ನಾನು ಬೆಂಚಿನಿಂದ ಏಳದೆ ಹೋದದ್ದಕ್ಕೆ ಕಾರಣ ಒಬ್ಬನೇ ಒಬ್ಬ. ಅವನನ್ನು ಎಲ್ಲರೂ ಸ್ಟೆಪ್ನಿ ಎಂದು ಕರೆಯುತ್ತಿದ್ದರು. ನ್ಯಾಯವಾಗಿ ನೋಡಿದರೆ ಆ ಹೆಸರು ನನಗೆ ಸಲ್ಲಬೇಕು, ಗಾಡಿಯ ಬೆನ್ನಿಗೆ ಸುಮ್ಮನೆ ಅಂಟಿಕೊಂಡಿದ್ದವನು ನಾನು. ಆದರೆ ಯಾವ ಚಕ್ರ ಪಂಕ್ಚರ್ ಆದರೂ ಆ ಜಾಗಕ್ಕೆ ಹೋಗಿ ಕೂರುತ್ತಿದ್ದವನು ಅವನಾದ್ದರಿಂದ ಹೆಸರು ಅವನಿಗೇ ಉಳಿಯಿತು.

ಈ ಆಟ ಗೊತ್ತಿಲ್ಲದವರಿಗೆ ಇಷ್ಟು ತಿಳಿದರೆ ಸಾಕು. ತಂಡಕ್ಕೆ ಐದು ಜನ. ಚೆಂಡು ತಂದು ಆಟ ಕಟ್ಟುವವನೊಬ್ಬ, ದೂರದಿಂದ ಬುಟ್ಟಿಗೆ ಹಾಕುವವನೊಬ್ಬ, ಇವರಿಬ್ಬರೂ ಗಾರ್ಡುಗಳು. ಒಳಗೆ ನುಗ್ಗುವ ಇಬ್ಬರು ಫಾರ್ವರ್ಡುಗಳು. ಬುಟ್ಟಿಯ ಕೆಳಗೆ ಬೇರು ಬಿಟ್ಟು ನಿಲ್ಲುವ ಉದ್ದನೆಯವನು ಸೆಂಟರ್. ಸ್ಟೆಪ್ನಿ ಹೆಸರಿಗೆ ಗಾರ್ಡ್. ಎತ್ತರ ನನ್ನಷ್ಟೇ, ಅಂದರೆ ಹೇಳಿಕೊಳ್ಳುವಂಥದ್ದೇನೂ ಅಲ್ಲ.

ಒಂದು ವರ್ಷ ಫೈನಲ್ ಪಂದ್ಯದಲ್ಲಿ ಶನಿ ನಮ್ಮ ಹೆಗಲೇರಿದ್ದ. ಆಟ ಕಟ್ಟುವವನ ಮೀನಖಂಡ ಹಿಡಿದುಕೊಂಡಿತು. ಒಬ್ಬ ಫಾರ್ವರ್ಡ್ ಪಾದ ಉಳುಕಿಸಿಕೊಂಡು ಕುಂಟುತ್ತ ಆಚೆ ಬಂದ. ಇನ್ನೊಬ್ಬ ಫಾರ್ವರ್ಡ್ ಹುಬ್ಬು ಒಡೆದುಕೊಂಡು ಅವನ ಹಿಂದೆಯೇ ಬಂದ. ಕೊನೆಗೆ ನಮ್ಮ ಸೆಂಟರ್ ಫೌಲಿನ ಮೇಲೆ ಫೌಲ್ ಮಾಡಿ ರೆಫ್ರಿ ಕೈಯಲ್ಲಿ ಹೊರಗೆ ಹಾಕಿಸಿಕೊಂಡ. ಅವನನ್ನು ನಾವು ಕಂಬ ಎನ್ನುತ್ತಿದ್ದೆವು, ಉದ್ದಕ್ಕೂ ಸರಿ, ಬುದ್ಧಿಗೂ ಸರಿ. ಪ್ರತಿ ಸಲವೂ ಕೋಚ್ ಸರ್ ಬೆಂಚಿನ ಕಡೆ ತಿರುಗುತ್ತಿದ್ದರು, ನಾನು ಜಾಕೆಟ್ಟಿನ ಜಿಪ್ಪಿಗೆ ಕೈ ಹಾಕುತ್ತಿದ್ದೆ, ಅವರು ನನ್ನ ತಲೆಯ ಮೇಲಿಂದ ಯಾರನ್ನೋ ನೋಡಿ ಕರೆಯುತ್ತಿದ್ದರು. ಬಂದವನಿಗೆ ಹಗುರವಾದ ಜಾಗ ಸಿಗುತ್ತಿತ್ತು, ಭಾರದ ಜಾಗಕ್ಕೆ ಸ್ಟೆಪ್ನಿ ಸರಿಯುತ್ತಿದ್ದ. ಅವತ್ತು ಅವನು ಐದೂ ಸ್ಥಾನಗಳಲ್ಲಿ ಆಡಿದ. ಕೊನೆಯಲ್ಲಿ ತನಗಿಂತ ಒಂದು ತಲೆ ಎತ್ತರದವನ ಎದುರು ಬುಟ್ಟಿಯ ಕೆಳಗೆ ನಿಂತು, ಅವನ ಮೊಣಕೈ ಪೆಟ್ಟುಗಳನ್ನು ಪಕ್ಕೆಯಲ್ಲಿ ತಿನ್ನುತ್ತ, ಒಂದು ಚೆಂಡನ್ನೂ ಬಿಡಲಿಲ್ಲ. ಗೆದ್ದೆವು. ಮಾರನೆಯ ದಿನ ಪೇಪರಿನ ಫೋಟೋದಲ್ಲಿ ಕಪ್ ಎತ್ತಿ ಹಿಡಿದವನು ಕಂಬ. ಸ್ಟೆಪ್ನಿ ಎಲ್ಲಿದ್ದ ಎಂದರೆ, ಅದೇ ಫೋಟೋದ ಮೂಲೆಯಲ್ಲಿ ತನ್ನ ಅಪ್ಪನ ಜೊತೆ ಮಾಪು ಹಿಡಿದು ನೆಲ ಒರೆಸುತ್ತಿದ್ದ.

ಅವನ ಅಪ್ಪ ಅದೇ ಕಾಲೇಜಿನ ಒಳಾಂಗಣ ಕ್ರೀಡಾಂಗಣದಲ್ಲಿ ನೆಲ ಒರೆಸುವವರು. ಪಂದ್ಯ ನಡೆಯುವಾಗ ಅಗಲವಾದ ಮಾಪು ಹಿಡಿದು ಬಾಗಿಲ ಪಕ್ಕ ನಿಂತಿರುತ್ತಿದ್ದರು. ಯಾರಾದರೂ ಬಿದ್ದು ನೆಲಕ್ಕೆ ಬೆವರು ತಾಗಿದರೆ ಓಡಿ ಬಂದು ಒರೆಸಿ, ಯಾರ ಮುಖವನ್ನೂ ನೋಡದೆ ಮರಳಿ ಬಾಗಿಲಿಗೆ. ಆ ಬಾಗಿಲು ಅವರದು. ಪ್ರಿನ್ಸಿಪಾಲರೂ ಅಲ್ಲಿ ನಿಂತುಕೊಳ್ಳುತ್ತಿರಲಿಲ್ಲ. ಮಗನಿಗೆ ಅವರು ಹೇಳುತ್ತಿದ್ದದ್ದು ಒಂದೇ ಮಾತು.

"ಮನುಷ್ಯ ಅಂದ್ಮೇಲೆ ಅವನದು ಅಂತ ಒಂದು ಜಾಗ ಇರ್ಬೇಕು. ನಂಗೆ ಈ ಬಾಗಿಲಿದೆ. ನಿಂಗೇನಿದೆಯೋ?"

ಓದು ಮುಗಿಯುವ ಹೊತ್ತಿಗೆ ಊರಾಚೆಯ ದೊಡ್ಡ ಕಾರ್ಖಾನೆಯೊಂದು ಸ್ವಂತ ತಂಡ ಕಟ್ಟಲು ಹೊರಟಿತು. ಆಡುವವರಿಗೆ ಕಾಯಂ ಕೆಲಸ, ಇರಲು ಮನೆ. ನಮ್ಮಲ್ಲಿ ಕಂಬನಿಗೂ ಸ್ಟೆಪ್ನಿಗೂ ಕರೆ ಬಂತು. ಸ್ಟೆಪ್ನಿಯ ಅಪ್ಪ ತಾವೇ ಕೂತು ಅಂಗಿಗೆ ಇಸ್ತ್ರಿ ಹಾಕಿದರು, ಕಾಲರಿನ ಎರಡೂ ಮಗ್ಗುಲಿಗೆ. ಸಂದರ್ಶನದಲ್ಲಿ ಮೇಜಿನಾಚೆ ಕೂತವನು ಕೇಳಿದ್ದು ಒಂದೇ ಪ್ರಶ್ನೆ: ಯಾವ ಸ್ಥಾನದಲ್ಲಿ ಆಡ್ತೀರಿ? ಕಂಬ "ಸೆಂಟರ್" ಎಂದ. ಸ್ಟೆಪ್ನಿ "ಎಲ್ಲಿ ಖಾಲಿ ಇದೆಯೋ ಅಲ್ಲಿ ಸರ್" ಎಂದ.

"ಖಾಲಿ ಆದಾಗ ತಿಳಿಸ್ತೀವಿ" ಎಂದು ಅವರು ಕಳಿಸಿದರು. ಇವತ್ತಿನವರೆಗೂ ತಿಳಿಸಿಲ್ಲ.

ಮನೆಗೆ ಬಂದು ಇದನ್ನು ಹೇಳಿದಾಗ ಅಪ್ಪ ಸಿಡಿದುಬಿದ್ದರಂತೆ. "ಕುರ್ಚಿ ತೋರ್ಸಿ ಯಾವ್ದು ಬೇಕು ಅಂತ ಕೇಳಿದ್ರೆ, ಎಲ್ಲಾದ್ರೂ ಕೂರ್ತೀನಿ ಅಂದವನಿಗೆ ನೆಲವೇ ಗತಿ ಕಣೋ!" ಅದಾದ ಮೇಲೆ ಅವರು ಮಗನ ಆಟದ ವಿಷಯ ಎತ್ತಲೇ ಇಲ್ಲ. ಚೆನ್ನಾಗಿ ಆಡುತ್ತಿದ್ದ ಎಂದೂ ಹೇಳಲಿಲ್ಲ, ಕೆಟ್ಟದಾಗಿ ಆಡುತ್ತಿದ್ದ ಎಂದೂ ಹೇಳಲಿಲ್ಲ. ಬೈದಿದ್ದರೆ ಸಹಿಸಬಹುದಿತ್ತು. ಈ ಮೌನ ಸ್ಟೆಪ್ನಿಯ ಕಾಲಿಗೆ ಸಿಕ್ಕ ಮುಳ್ಳಾಯಿತು, ಒಳಗೇ ಉಳಿದು ನಡೆಯುವಾಗಲೆಲ್ಲ ಚುಚ್ಚುವಂಥದ್ದು.

ಕೊನೆಗೆ ಅವನು ಆಸ್ಪತ್ರೆಯೊಂದರ ಪ್ಲಾಸ್ಟರ್ ಕೋಣೆ ಸೇರಿದ. ಡಾಕ್ಟರು ಮುರಿದ ಮೂಳೆಯನ್ನು ಕೂರಿಸಿ ಕೊಡುತ್ತಾರೆ, ಇವನು ಕಟ್ಟು ಹಾಕುತ್ತಾನೆ. ನಾನು ಎಷ್ಟೋ ಸಲ ಆ ಕೋಣೆಯ ಸ್ಟೂಲಿನ ಮೇಲೆ ಕೂತಿದ್ದೇನೆ. ಒಂದು ಮೇಜು, ಉಗುರುಬೆಚ್ಚಗಿನ ನೀರಿನ ಬಕೆಟ್ಟು, ಹತ್ತಿ ಸುರುಳಿಗಳು, ಪ್ಲಾಸ್ಟರ್ ಪುಡಿಗೆ ಕಟ್ಟಿಕೊಳ್ಳುತ್ತಲೇ ಇರುವ ಒಂದು ಕೈತೊಳೆಯುವ ತೊಟ್ಟಿ. ಪ್ಲಾಸ್ಟರ್ ಸುರುಳಿಯನ್ನು ನೀರಿಗೆ ಬಿಟ್ಟು ಗುಳ್ಳೆ ನಿಲ್ಲುವ ತನಕ ಕಾಯುತ್ತಾನೆ, ಎರಡೂ ತುದಿಯಿಂದ ಮೆಲ್ಲಗೆ ಹಿಂಡುತ್ತಾನೆ, ಆಮೇಲೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಸುತ್ತುತ್ತ ಹೋಗುತ್ತಾನೆ. ಹಸಿ ಪ್ಲಾಸ್ಟರನ್ನು ಬೆರಳ ತುದಿಯಿಂದ ಮುಟ್ಟಬಾರದಂತೆ. ಬೆರಳು ತಾಗಿದಲ್ಲಿ ತಗ್ಗು ಬಿದ್ದು, ಒಣಗಿದ ಮೇಲೆ ಅದೇ ತಗ್ಗು ಒಳಗಿನ ಚರ್ಮವನ್ನು ಕಚ್ಚುತ್ತದೆ. ಎಲ್ಲ ಅಂಗೈಯಲ್ಲೇ ಆಗಬೇಕು.

"ಚೆಂಡಿಗೆ ಬೆರಳು, ಇದಕ್ಕೆ ಅಂಗೈ. ಮೊದಮೊದಲು ಕಷ್ಟ ಆಯ್ತು ಕಣೋ, ಕೈ ಮಾತೇ ಕೇಳ್ತಿರ್ಲಿಲ್ಲ" ಎಂದು ಅವನು ನನಗೊಮ್ಮೆ ಹೇಳಿದ್ದ.

ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಇವನ ಕೈ ದಿನವೂ ಕೆಸರೇ, ಮೊಸರು ಮಾತ್ರ ಯಾವ ದಾರಿಯಲ್ಲೋ ತಡವಾಗಿದೆ.

ಸಂಜೆ ಡ್ಯೂಟಿ ಮುಗಿದ ಮೇಲೆ ಅವನು ನೇರ ಕಾಲೇಜಿನ ಒಳಾಂಗಣಕ್ಕೆ ಹೋಗುತ್ತಿದ್ದ. ಅಭ್ಯಾಸಕ್ಕೆ ಎರಡು ಕಡೆಗೆ ಸೇರಿ ಹತ್ತು ಜನ ಬೇಕು, ಯಾವತ್ತೂ ಒಬ್ಬರಲ್ಲ ಒಬ್ಬರು ಚಕ್ಕರ್ ಹೊಡೆಯುವವರೇ. ಯಾರು ಬಂದಿಲ್ಲವೋ ಅವರ ಜಾಗಕ್ಕೆ ಸ್ಟೆಪ್ನಿ. ನಮ್ಮ ತಂಡ ಚದುರಿ, ಮುಂದಿನದು ಬಂದು ಹೋಗಿ, ಅದರ ಮುಂದಿನದೂ ಬಂದಿತು. ಎಲ್ಲರಿಗೂ ಇವನ ಪರಿಚಯ. ಆಸ್ಪತ್ರೆಯಿಂದ ಬರುವಾಗ ಇವನ ಬೂಟಿಗೆ ಅಂಟಿದ ಬಿಳಿ ಪುಡಿ ಅಂಕಣದ ಮೇಲೆ ಹೆಜ್ಜೆ ಮೂಡಿಸುತ್ತಿತ್ತು. ಅಪ್ಪ ಹಿಂದಿನಿಂದ ಒರೆಸುತ್ತ, "ಎಲ್ಲೆಲ್ಲಿ ಅಂತ ಒರ್ಸೋದೋ? ಒಂದ್ಕಡೆ ನಿಲ್ಲೋ ಜಾತಿಯಲ್ಲ ಇದು" ಎಂದು ಗೊಣಗುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ, ಅದರಲ್ಲೂ ತಾನೇ ನೀರೆರೆದ ಗಿಡವಂತೂ ಅಲ್ಲವೇ ಅಲ್ಲ.

ಇಷ್ಟೆಲ್ಲ ಹಳೆಯ ಕಥೆ. ಅಪ್ಪ ಕೆಲಸ ಬಿಟ್ಟು ಮಗನ ಮನೆಯಲ್ಲೇ ಇದ್ದಾರೆ, ಕೋಚ್ ಸರ್ ಕಣ್ಣಿಗೆ ಪೊರೆ ಬಂದು ಮನೆಯೊಳಗೇ ಇದ್ದಾರೆ, ನಮ್ಮೆಲ್ಲರ ಹೊಟ್ಟೆ ಬೆಲ್ಟನ್ನು ಕೆಳಗೆ ತಳ್ಳಿದೆ. ಈ ವರ್ಷ ಕಾಲೇಜಿನವರಿಗೆ ಒಂದು ಹುಕಿ ಬಂತು. ಒಳಾಂಗಣಕ್ಕೆ ಹೊಸ ಬಣ್ಣ ಹೊಡೆಸಿ, ಉದ್ದ ಗೋಡೆಯ ಮೇಲೆ ಕೋಚ್ ಸರ್ ಕೈಕೆಳಗೆ ಆಡಿದವರಲ್ಲಿ ಐವರು ಶ್ರೇಷ್ಠರ ಆಳೆತ್ತರದ ಚಿತ್ರ ಬರೆಸುವುದು. ಐದು ಸ್ಥಾನಕ್ಕೆ ಐವರು. ಆರಿಸುವವರು ಹಳೆಯ ಆಟಗಾರರೇ.

ಸುದ್ದಿ ಹೇಳಲು ನಾನು ಪ್ಲಾಸ್ಟರ್ ಕೋಣೆಗೆ ಹೋದಾಗ ಮೇಜಿನ ಮೇಲೆ ಅವನ ಅಪ್ಪನೇ ಕೂತಿದ್ದರು. ಬಚ್ಚಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಿದ್ದರು. ಆಯುಷ್ಯವೆಲ್ಲ ಹತ್ತೂರ ಹುಡುಗರು ಜಾರದಂತೆ ನೆಲ ಒರೆಸಿದವರು ತಮ್ಮದೇ ಬಚ್ಚಲಲ್ಲಿ ಜಾರಿದ್ದು ಅವರಿಗೆ ಮೂಳೆಗಿಂತ ಹೆಚ್ಚು ನೋವು ಕೊಟ್ಟಂತಿತ್ತು.

"ಯಾರೋ ಸರಿಯಾಗಿ ಒರ್ಸಿಲ್ಲ" ಎಂದರು ನನ್ನನ್ನು ನೋಡಿ.

"ಒರ್ಸಿದ್ದು ನೀವೇ ಅಲ್ವಾ ಅಪ್ಪಾ" ಎಂದ ಸ್ಟೆಪ್ನಿ, ಸುರುಳಿ ಹಿಂಡುತ್ತ.

"ನಿನ್ ಕೆಲಸ ನೀನು ನೋಡ್ಕೊ."

ಅವನು ನೋಡಿಕೊಂಡ. ಅಪ್ಪನ ಕೈಯನ್ನು ತನ್ನ ಅಂಗೈಯಲ್ಲಿ ಹೊತ್ತು, ಹತ್ತಿ ಸುತ್ತಿ, ಅದರ ಮೇಲೆ ಪ್ಲಾಸ್ಟರ್ ಸುತ್ತಿ, ಅದು ಬಿಸಿಯಾಗಿ ಗಟ್ಟಿಯಾಗುವವರೆಗೂ ಹಾಗೆಯೇ ಹಿಡಿದು ನಿಂತ. ಅಷ್ಟು ಹೊತ್ತು ಅವರಿಬ್ಬರೂ ಕೈ ಹಿಡಿದುಕೊಂಡದ್ದನ್ನು ನಾನು ಕಂಡಿರಲಿಲ್ಲ. ಅಪ್ಪ ಗೋಡೆಯ ಕಡೆ ನೋಡುತ್ತಿದ್ದರು.

"ಈಗ ಕೈ ಕೆಳಗೆ ಜೋತುಬಿಡ್ಬೇಡಿ ಅಪ್ಪಾ. ಆದಷ್ಟೂ ಮೇಲಕ್ಕೆತ್ತಿ ಇಟ್ಕೊಳ್ಳಿ, ಊತ ಇಳಿಯತ್ತೆ" ಎಂದ, ಬರುವವರಿಗೆಲ್ಲ ಹೇಳುವ ಧ್ವನಿಯಲ್ಲಿ.

"ನಾನೇನು ಒಂದನೇ ಕ್ಲಾಸ್ ಹುಡುಗನಾ, ಕೈ ಎತ್ಕೊಂಡು ಕೂರೋಕೆ?" ಎಂದು ಅವರು ಕೈಯನ್ನು ಕತ್ತಿಗೆ ಕಟ್ಟಿದ ಬಟ್ಟೆಯ ಜೋಳಿಗೆಗೆ ತುರುಕಿಕೊಂಡರು.

ಅವರು ಹೊರಗೆ ಬೆಂಚಿನ ಮೇಲೆ ಹೋಗಿ ಕೂತ ಮೇಲೆ ನಾನು ಗೋಡೆಯ ವಿಷಯ ಹೇಳಿದೆ. ಸ್ಟೆಪ್ನಿ ಕೈ ತೊಳೆಯುತ್ತಿದ್ದವನು ನಲ್ಲಿ ನಿಲ್ಲಿಸಿದ.

"ಗೋಡೆ ಮೇಲೆ ಹೋಗಿ ನಾನೇನು ಮಾಡ್ಲಿ ಬಿಡೋ" ಎಂದ ಮೊದಲು. ಉಗುರಿನ ಸಂದಿಯ ಬಿಳಿಯನ್ನು ಕೆರೆದು, ಆಮೇಲೆ ಹೇಳಿದ, "ಸುಳ್ಳು ಯಾಕೆ ಹೇಳ್ಲಿ, ಆಸೆ ಇದೆ ಕಣೋ. ಅಪ್ಪ ನೋಡ್ಬೇಕು. ಇದು ನನ್ ಮಗನ ಜಾಗ ಅಂತ ಒಂದ್ಸಲ ಅನ್ಕೋಬೇಕು. ಬಾಯ್ಬಿಟ್ಟು ಹೇಳೋದೂ ಬೇಡ."

ಆಗುತ್ತದೆ ಬಿಡು ಎಂದು ಹೇಳಿ ಬಂದುಬಿಟ್ಟೆ. ಹೇಳಬಾರದಿತ್ತು, ಮೂಗಿಗೆ ತುಪ್ಪ ಸವರುವ ಕೆಲಸ ಅದು. ಲೆಕ್ಕ ನನಗೆ ಗೊತ್ತಿತ್ತು. ಎಲ್ಲ ಕಡೆ ಆಡಿದವನು ಎಲ್ಲ ಕಡೆಯೂ ಎರಡನೆಯವನು.

ಆರಿಸುವ ದಿನ ಭಾನುವಾರ ಬೆಳಿಗ್ಗೆ ಎಲ್ಲರೂ ಸೇರಿದೆವು. ಒಳಾಂಗಣದ ತುಂಬ ಹೊಸ ಬಣ್ಣದ ವಾಸನೆ. ಕೋಚ್ ಸರ್ ಅವರನ್ನೂ ಮನೆಯಿಂದ ಕೈ ಹಿಡಿದು ಕರೆತಂದಿದ್ದರು. ಸ್ಟೆಪ್ನಿಯ ಅಪ್ಪ ಎಲ್ಲರಿಗಿಂತ ಮೊದಲೇ ಬಂದು ತಮ್ಮ ಬಾಗಿಲ ಪಕ್ಕ ಕುರ್ಚಿ ಹಾಕಿಸಿಕೊಂಡಿದ್ದರು. ಕೆಲಸ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಅಧಿಕಾರ ಬಿಟ್ಟಿರಲಿಲ್ಲ. ಬಂದವರಿಗೆಲ್ಲ ಹೊರಗೇ ಬೂಟು ಬಿಚ್ಚಿಸಿದರು. ಕಾರ್ಖಾನೆಯಲ್ಲಿ ಈಗ ದೊಡ್ಡ ಮ್ಯಾನೇಜರಾಗಿರುವ ಕಂಬನೂ ಕಮಕ್ ಕಿಮಕ್ ಎನ್ನದೆ ಬಿಚ್ಚಿದ, ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕುತ್ತಿತ್ತು.

ಕೋಚ್ ಸರ್ ಕಾಲದಿಂದಲೂ ನಮ್ಮಲ್ಲೊಂದು ಪದ್ಧತಿ ಇದೆ. ನಾಯಕನನ್ನು ಆರಿಸುವಾಗ ಚೀಟಿ ಗೀಟಿ ಇಲ್ಲ. ಎಲ್ಲರೂ ಕಣ್ಣು ಮುಚ್ಚಿ ಕೈ ಎತ್ತಬೇಕು. ಯಾರು ಯಾರಿಗೆ ಎತ್ತಿದರೆಂದು ಯಾರಿಗೂ ಕಾಣಬಾರದು, ಆಗ ಮುಲಾಜೂ ಇಲ್ಲ, ಮುನಿಸೂ ಇಲ್ಲ. ಎಣಿಸುವವನೊಬ್ಬನೇ ಕಣ್ಣು ತೆರೆದಿರುತ್ತಾನೆ. ಅವನಿಗೆ ಕೈ ಎತ್ತುವ ಹಕ್ಕಿಲ್ಲ, ಕಂಡದ್ದನ್ನು ಸಾಯುವ ತನಕ ಬಾಯಿ ಬಿಡುವ ಹಾಗೂ ಇಲ್ಲ. ಮೊದಲೆಲ್ಲ ಕೋಚ್ ಸರ್ ತಾವೇ ಎಣಿಸುತ್ತಿದ್ದರು.

"ನಂಗೀಗ ಕೈ ಯಾವುದು ಕಾಲು ಯಾವುದು ಗೊತ್ತಾಗಲ್ಲ. ಬೆಂಚಿನವನೇ, ನೀನು ಬಾ. ನಿನ್ ಕಣ್ಣು ಚೆನ್ನಾಗಿದೆ" ಎಂದರು.

ಬ್ಯಾಸ್ಕೆಟ್‌ಬಾಲಿನಲ್ಲಿ ನನಗೆ ಸಿಕ್ಕ ಮೊದಲ ಅವಕಾಶ ಅದು.

ಎಲ್ಲರೂ ಕಣ್ಣು ಮುಚ್ಚಿದರು. ಬಾಗಿಲ ಪಕ್ಕದ ಅಪ್ಪ ಮಾತ್ರ ಮುಚ್ಚಲಿಲ್ಲ. ಮುಚ್ಚಿ ಯಜಮಾನ್ರೇ ಎಂದು ಸನ್ನೆ ಮಾಡಿದೆ. ಅವರು ಎಡಗೈ ಬೀಸಿ, ಹೋಗೋ ನಿನ್ನ, ನಾನೇನು ಆಟಗಾರನೇ ಎಂಬಂತೆ ಮುಖ ಮಾಡಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡವರ ಹಾಗೆ ಕೂತರು.

ಕೋಚ್ ಸರ್ ಮೊದಲು ಆಟ ಕಟ್ಟುವ ಗಾರ್ಡಿನ ಸ್ಥಾನ ಕೂಗಿ, ಒಂದೊಂದೇ ಹೆಸರು ಹೇಳಿದರು. ಸ್ಟೆಪ್ನಿಯ ಹೆಸರಿಗೆ ಹಿಂದಿನ ಸಾಲಿನವರ ಕೈಗಳು ಎದ್ದವು. ಅವರು ಸಂಜೆಯ ಅಭ್ಯಾಸದಲ್ಲಿ ಇವನು ಚೆಂಡು ತರುವುದನ್ನು ಕಂಡು ಕಲಿತವರು. ಸಾಲಲಿಲ್ಲ, ಬೇರೊಬ್ಬನಿಗೆ ಒಂದೆರಡು ಕೈ ಹೆಚ್ಚು ಬಿದ್ದವು. ಎರಡನೆಯ ಗಾರ್ಡಿನ ಸ್ಥಾನಕ್ಕೆ ಕಿಟಕಿಯ ಕಡೆಯವರು ಎತ್ತಿದರು. ಅವರ ಕಾಲದಲ್ಲಿ ಇವನು ದೂರದಿಂದ ಹಾಕುತ್ತಿದ್ದ. ಮತ್ತೆ ಎರಡನೆಯವನು. ಫಾರ್ವರ್ಡುಗಳ ಎರಡು ಸ್ಥಾನಕ್ಕೂ ಬೇರೆ ಬೇರೆ ಕೈಗಳು ಎದ್ದವು, ಬೇರೆ ಬೇರೆ ಮೂಲೆಗಳಿಂದ. ಎರಡರಲ್ಲೂ ಎರಡನೆಯವನು. ಅವನು ಎಲ್ಲಿ ಆಡಿದ್ದನ್ನು ಯಾರು ಕಂಡಿದ್ದರೋ ಅವರು ಅಲ್ಲಿಗೇ ಅವನನ್ನು ಹಾಕುತ್ತಿದ್ದರು. ಎದುರಿಗೆ ಸ್ಟೆಪ್ನಿ ಕಣ್ಣು ಬಿಗಿಯಾಗಿ ಮುಚ್ಚಿ, ತೊಡೆಯ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದ.

ಕೊನೆಗೆ ಸೆಂಟರ್. ಕಂಬನ ಹೆಸರಿಗೆ ಕೈಗಳ ಕಾಡೇ ಎದ್ದಿತು. ಸ್ಟೆಪ್ನಿಯ ಹೆಸರಿಗೆ ಅಲ್ಲೊಂದು ಇಲ್ಲೊಂದು. ಅವುಗಳ ನಡುವೆ ಎಲ್ಲಕ್ಕಿಂತ ಎತ್ತರವಾಗಿ ಒಂದು ಕೈ. ಅದು ಕಂಬನದು. ತನ್ನ ಜಾಗಕ್ಕೆ ತಾನೇ ಇನ್ನೊಬ್ಬನಿಗೆ ಕೈ ಎತ್ತಿ, ಕಣ್ಣು ಮುಚ್ಚಿ ಕೂತಿದ್ದ. ಬುದ್ಧಿಯಲ್ಲೂ ಕಂಬ ಎಂದು ನಾನು ಇಷ್ಟು ವರ್ಷ ಆಡಿಕೊಂಡ ಮನುಷ್ಯ.

ಆಗ ನನಗೆ ಹೊಳೆಯಿತು. ಹಿಂದಿನ ಸಾಲು ಆಗಲೇ ಎತ್ತಿತ್ತು, ಕಿಟಕಿಯವರು ಎತ್ತಿದ್ದರು, ಮೂಲೆಗಳವರು ಎತ್ತಿದ್ದರು, ಉಳಿದವರು ಈಗ ಎತ್ತಿದ್ದರು. ಸ್ಟೆಪ್ನಿಯೊಬ್ಬನನ್ನು ಬಿಟ್ಟರೆ, ಕಣ್ಣು ಮುಚ್ಚಿ ಕೂತವರಲ್ಲಿ ಅವನಿಗೆ ಒಮ್ಮೆಯೂ ಕೈ ಎತ್ತದ ಆಟಗಾರ ಒಬ್ಬನೂ ಇರಲಿಲ್ಲ. ಬೇರೆ ಯಾರಿಗೂ ಹಾಗೆ ಆಗಿರಲಿಲ್ಲ. ಜಾಗ ಜಾಗ ಎಂದು ಹರಿದು ಹಂಚಿ ಎಣಿಸಿದ್ದರಿಂದ ಎಲ್ಲರಿಗಿಂತ ಮುಂದಿದ್ದವನು ಐದು ಕಡೆಯೂ ಸೋತಿದ್ದ. ಮತ್ತು ತಂಡದವರಲ್ಲಿ ಇದನ್ನು ಕಂಡವನು ನಾನೊಬ್ಬನೇ, ನನ್ನ ಬಾಯಿಗೆ ಬೀಗ. ನಾಲಿಗೆ ಕಚ್ಚಿಕೊಂಡು ಐದು ಹೆಸರು ಓದಿದೆ. ಎಲ್ಲರೂ ಕಣ್ಣು ತೆರೆದು ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಸ್ಟೆಪ್ನಿ. ಅಪ್ಪನ ಕಡೆ ಮಾತ್ರ ಅವನು ತಿರುಗಲಿಲ್ಲ.

"ನಿಲ್ಸಿ!"

ಕೂಗು ಬಾಗಿಲಿನಿಂದ ಬಂದಿತ್ತು. ಅಪ್ಪ ಎದ್ದು ನಿಂತಿದ್ದರು.

"ಇದ್ಯಾವ ಎಣಿಕೆ? ನಾನು ಕಣ್ಣು ಮುಚ್ಚಿರ್ಲಿಲ್ಲ, ಎಲ್ಲಾ ನೋಡ್ದೆ. ಆ ಸಾಲು ಒಂದ್ಸಲ ಎತ್ತಿದ್ರು, ಈ ಸಾಲು ಒಂದ್ಸಲ ಎತ್ತಿದ್ರು. ನನ್ ಮಗನಿಗೆ ಎತ್ತದೇ ಇರೋನು ಇಲ್ಲಿ ಯಾರಿದಾನೆ? ತೋರ್ಸಿ ನೋಡೋಣ."

ಕೋಚ್ ಸರ್ ನನ್ನ ಕಡೆ ತಿರುಗಿದರು. "ಹೌದೇನೋ?"

"ಎಣಿಸಿದವನು ಬಾಯ್ಬಿಡಬಾರದು ಅಂತ ನೀವೇ ಅಲ್ವಾ ಸರ್ ಹೇಳಿದ್ದು" ಎಂದೆ.

"ಅವನ್ಯಾಕೆ ಹೇಳ್ಬೇಕು? ನಾನು ಎತ್ತಿದೀನಿ" ಎಂದು ಕಂಬ ಎದ್ದ. "ಅವತ್ತು ಫೈನಲ್‌ನಲ್ಲಿ ನಾನು ಹೊರಗೆ ಬಿದ್ದಾಗ ನನ್ ಜಾಗದಲ್ಲಿ ನಿಂತು ಗೆಲ್ಸಿದ್ದು ಇವನು. ಕಪ್ ಎತ್ತಿದ್ದು ನಾನು."

"ನಾನೂ ಎತ್ತಿದೀನಿ" ಎಂದ ಕಿಟಕಿಯ ಕಡೆಯವನೊಬ್ಬ. "ನಾನೂ" ಎಂದರು ಹಿಂದಿನಿಂದ. ಒಬ್ಬೊಬ್ಬರಾಗಿ ಎಲ್ಲರೂ ಕೈ ಎತ್ತಿದರು, ಈ ಸಲ ಕಣ್ಣು ತೆರೆದುಕೊಂಡು. ಸ್ಟೆಪ್ನಿ ಕಾಲುಚೀಲದ ತುದಿ ನೋಡುತ್ತ ಕೂತಿದ್ದ, ಕಿವಿ ಕೆಂಪಾಗಿತ್ತು.

ಕೋಚ್ ಸರ್ ತಮ್ಮ ಮಸುಕು ಕಣ್ಣಿನಿಂದ ಆ ಕೈಗಳನ್ನೆಲ್ಲ ನೋಡುವ ಪ್ರಯತ್ನ ಮಾಡಿದರು. "ತಪ್ಪು ನಂದೇ. ಜಾಗ ಲೆಕ್ಕ ಹಾಕ್ದೆ, ಮನುಷ್ಯನ್ನ ಬಿಟ್ಟೆ. ಹಾಗಾದ್ರೆ ಗೋಡೆ ಮೇಲೆ ಮೊದಲನೆಯವನು ಇವನು, ಉಳಿದ ಐದು ಜನ ಆಮೇಲೆ. ಲೋ ಸ್ಟೆಪ್ನಿ, ಎಲ್ಲಿ ಬರೆಸ್ಲಿ ನಿನ್ನ? ನೀನೇ ಹೇಳು."

ಸ್ಟೆಪ್ನಿ ಎದ್ದು ನಿಂತ. ಗೋಡೆಯನ್ನೊಮ್ಮೆ ನೋಡಿ, ತನಗೆ ಗೊತ್ತಿದ್ದ ಒಂದೇ ಉತ್ತರ ಹೇಳಿದ.

"ಎಲ್ಲಿ ಖಾಲಿ ಇದೆಯೋ ಅಲ್ಲಿ ಸರ್."

ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ಅವರು ಬಾಗಿಲು ಬಿಟ್ಟು ನಡೆದು ಬರುತ್ತಿದ್ದರು, ಹೊಳೆಯುವ ನೆಲದ ಮೇಲೆ ಬರಿಗಾಲಲ್ಲಿ, ಅಂಕಣದ ನಟ್ಟನಡುವಿನವರೆಗೆ. ಕೈಯಲ್ಲಿ ಮಾಪು ಇಲ್ಲದೆ ಅವರು ಅಲ್ಲಿಗೆ ಬಂದದ್ದು ನನ್ನ ನೆನಪಿನಲ್ಲಿ ಅದೇ ಮೊದಲು.

"ನಾನು ಆಗ ಹೇಳಿದ್ದು ಸರಿಯಿಲ್ಲ" ಎಂದರು, ಮಗನನ್ನೇ ನೋಡುತ್ತ. "ಇವನಿಗೆ ಎತ್ತದೇ ಇರೋನು ಒಬ್ಬ ಇದಾನೆ."

ಜೋಳಿಗೆಯಿಂದ ಬಲಗೈಯನ್ನು ಹೊರಗೆ ತೆಗೆದರು. ಬಿಳಿ ಪ್ಲಾಸ್ಟರಿನಿಂದ ಅದು ಭಾರವಾಗಿತ್ತು. ಎಡಗೈಯನ್ನು ಮೊಣಕೈಗೆ ಆಧಾರವಾಗಿ ಕೊಟ್ಟು, ಮೆಲ್ಲಗೆ, ತಲೆಗಿಂತ ಮೇಲಕ್ಕೆ ಎತ್ತಿ ಹಿಡಿದರು.

ಸ್ಟೆಪ್ನಿ ಹತ್ತಿರ ಬಂದು, ಆ ಕೈಯ ಕೆಳಗೆ ತನ್ನ ಅಂಗೈ ಇಟ್ಟ.

"ಹಾಗೇ ಇಟ್ಕೊಳ್ಳಿ ಅಪ್ಪಾ" ಎಂದ. "ಊತ ಇಳಿಯತ್ತೆ."